ಹಿತ್ತಾಳೆ ತಾನಾಗಿ ಸೀಳುವುದೇಕೆ? ತೋಟೆ, ಪಂಪು ಮತ್ತು ದನದ ಕೊಟ್ಟಿಗೆ



ತೋಟದ ಮನೆಯಲ್ಲಿ ಹಿತ್ತಾಳೆ ಇಲ್ಲದ ಮೂಲೆ ಕಡಿಮೆ. ಬೋರ್ಡೋ ಹೊಡೆಯುವ ಪಂಪಿನ ಕೊಳವೆ, ನಾಜಲ್, ನೀರಿನ ನಲ್ಲಿ, ಸ್ಪ್ರಿಂಕ್ಲರಿನ ತಲೆ, ಅಜ್ಜಿಯ ಕಾಲದ ಬಿಂದಿಗೆ, ಚೊಂಬು, ಲೈಸೆನ್ಸಿನ ಕೋವಿ ಇರುವ ಮನೆಗಳಲ್ಲಿ ತೋಟೆಗಳು. ಇವುಗಳಲ್ಲಿ ಯಾವುದಾದರೊಂದು ಕೆಳಗೆ ಬೀಳದೆ, ಪೆಟ್ಟು ತಿನ್ನದೆ, ಇಟ್ಟಲ್ಲಿಯೇ ಕೂದಲೆಳೆಯಂತೆ ಸೀಳಿಕೊಂಡಿರುವುದನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಮಾಲು ಕಳಪೆಯೆಂದು ಅಂಗಡಿಯವನನ್ನು ಬೈದು ಸುಮ್ಮನಾಗುವುದು ವಾಡಿಕೆ. ಬಹಳ ಸಲ ತಪ್ಪು ಅಂಗಡಿಯವನದ್ದೂ ಅಲ್ಲ, ಮಾಲಿನದ್ದೂ ಅಲ್ಲ. ನಾವು ಅದನ್ನು ಇಟ್ಟ ಜಾಗದ್ದು.

ಚೊಂಬು ಸೀಳಿದರೆ ಒಂದಿಷ್ಟು ನೀರು ಸೋರೀತು, ಅಷ್ಟೇ. ಆದರೆ ಜುಲೈ ತಿಂಗಳಲ್ಲಿ ಮಳೆ ಒಂದೆರಡು ದಿನ ಹೊಳವಾದಾಗ ಪಂಪಿನ ಕೊಳವೆ ಸೀಳಿ ಕೂತರೆ ಕೊಳೆರೋಗ ನಮಗಾಗಿ ಕಾಯುವುದಿಲ್ಲ. ಸೀಳಿದ ತೋಟೆಯನ್ನು ಗಮನಿಸದೆ ಕೋವಿಗೆ ತುಂಬಿದರೆ ಅದು ಕಣ್ಣು, ಕೈಗಳ ಮಾತು. ಇದರ ಜತೆಗೆ, ಹಾರಿಸಿದ ಹಿತ್ತಾಳೆ ತೋಟೆಯನ್ನು ಒಲೆಯಲ್ಲಿ ಕಾಸಿದರೆ ಅದು ಮೆದುವಾಗಿ ಮತ್ತೆ ಬಳಕೆಗೆ ಬರುತ್ತದೆ ಎಂಬ ಅರ್ಧ ತಿಳಿದ ಮಾತೂ ಇದೆ. ಇದರಲ್ಲಿ ಎಷ್ಟು ನಿಜ, ಎಷ್ಟು ಅಪಾಯ, ಮನೆಯಲ್ಲಿ ಏನನ್ನು ಮಾಡಬಹುದು, ಏನನ್ನು ಮಾಡಲೇಬಾರದು ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇವೆ.

ಎಡೆದೊರೆ ನಾಡಿನ ಪಾಠ

ಮೊದಲು ಲೋಹದ ಸ್ವಭಾವವನ್ನು ತಿಳಿಯಬೇಕು. ಅದಕ್ಕೆ ಕರ್ನಾಟಕದಲ್ಲಿ ಒಳ್ಳೆಯ ಪಾಠಶಾಲೆಯೆಂದರೆ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆ. ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ನೆಲಕ್ಕೆ ಎಡೆದೊರೆ ನಾಡು ಎಂಬುದು ಹಳೆಯ ಹೆಸರು. ಜೋಳ, ಹತ್ತಿ, ಭತ್ತದ ಆ ಬಯಲಿಗೂ ನಮ್ಮ ಕಾಫಿ, ಅಡಿಕೆಯ ಸೀಮೆಗೂ ಬಹಳ ದೂರ. ಆದರೆ ಲೋಹ, ಬೆಂಕಿ, ದನ ಈ ಮೂರೂ ಸಾವಿರಾರು ವರ್ಷಗಳಿಂದ ಒಂದೆಡೆ ಬಾಳಿದ ನೆಲ ಅದು. ನಮ್ಮ ಇಂದಿನ ವಿಷಯವೂ ಈ ಮೂರರದ್ದೇ.

ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಮಸ್ಕಿಯ ಹೆಸರನ್ನು ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಓದಿದ್ದೇವೆ. ಅಶೋಕನ ಹೆಸರನ್ನೇ ನೇರವಾಗಿ ಹೇಳುವ ಬಂಡೆಶಾಸನ 1915ರಲ್ಲಿ ಅಲ್ಲಿ ಬೆಳಕಿಗೆ ಬಂತು. ಅದನ್ನು ಕಂಡವರು ಪಂಡಿತರಲ್ಲ, ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. 1954ರಲ್ಲಿ ಪುರಾತತ್ವ ಇಲಾಖೆಯ ಬಿ. ಕೆ. ಥಾಪರ್ ಅವರು ಅಲ್ಲಿ ಅಗೆತ ನಡೆಸಿದಾಗ ಅಶೋಕನಿಗೂ ಬಹಳ ಹಿಂದಿನ, ಕಲ್ಲಿನ ಉಪಕರಣಗಳ ಜತೆಯಲ್ಲಿ ತಾಮ್ರವನ್ನೂ ಬಲ್ಲ ಜನರ ನೆಲೆ ಕಂಡಿತು. ಲಿಂಗಸುಗೂರು ತಾಲ್ಲೂಕಿನ ಪಿಕಳಿಹಾಳದಲ್ಲಿ ಅಗೆತ ನಡೆಸಿದ ರೇಮಂಡ್ ಆಲ್ಚಿನ್ ಅವರು ಆ ಸೀಮೆಯ ಆದಿಜನರು ಮುಖ್ಯವಾಗಿ ದನ ಕಾಯುವವರೆಂದೂ, ಅಲ್ಲಲ್ಲಿ ಕಾಣುವ ಬೂದಿದಿಬ್ಬಗಳು ದನದ ದೊಡ್ಡಿಗಳ ಸಗಣಿ ಬೆಂದು ಆದವೆಂದೂ ವಿವರಿಸಿದರು. ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಇರುವುದು ಹಟ್ಟಿ ಚಿನ್ನದ ಗಣಿ. ಇಂದಿಗೂ ಚಿನ್ನ ತೆಗೆಯುತ್ತಿರುವ ಈ ಗಣಿಯ ಹೆಸರು ಕೇಳಿದರೆ ಪುತ್ತೂರು, ಸುಳ್ಯದ ಕಡೆಯ ನಮ್ಮ ಸದಸ್ಯರಿಗೆ ದನದ ಕೊಟ್ಟಿಗೆಯೇ ನೆನಪಾಗುತ್ತದೆ.

ಹಟ್ಟಿಯ ಹಳೆಯ ಗಣಿಗಾರರು ಬಂಡೆಯನ್ನು ಒಡೆಯಲು ಬೆಂಕಿಯನ್ನೇ ಬಳಸುತ್ತಿದ್ದರು. ಬಂಡೆಯ ಮೈಗೆ ಕಟ್ಟಿಗೆ ಒಟ್ಟಿ ಉರಿಸಿ, ಕಾದ ಕಲ್ಲಿಗೆ ನೀರು ಎರಚಿದರೆ ಕಲ್ಲು ಬಿರಿಯುತ್ತದೆ. ಹೀಗೆ ಮಾಡುತ್ತ ಅವರು ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಆ ಗಣಿಯ ಹೊರಗೆ, ಕುಲುಮೆಯ ಮುಂದೆ ಕೂತ ಅಕ್ಕಸಾಲಿಗನಿಗೆ ಅದೇ ಬೆಂಕಿ, ಅದೇ ನೀರು ಬೇರೆಯ ಕೆಲಸ ಮಾಡುತ್ತಿತ್ತು. ಚಿನ್ನವನ್ನಾಗಲೀ ತಾಮ್ರವನ್ನಾಗಲೀ ತಟ್ಟುತ್ತ ಹೋದರೆ ಅದು ಗಡುಸಾಗುತ್ತದೆ. ಇನ್ನೂ ತಟ್ಟಿದರೆ ಅಂಚು ಸೀಳುತ್ತದೆ. ಅದಕ್ಕೇ ನಾಲ್ಕು ಪೆಟ್ಟು ತಟ್ಟಿ, ಒಮ್ಮೆ ಬೆಂಕಿಯಲ್ಲಿ ಕಾಸಿ, ನೀರಿಗೆ ಅದ್ದಿ, ಮತ್ತೆ ತಟ್ಟುವುದು. ಕಲ್ಲನ್ನು ಬಿರಿಯಿಸುವ ಬೆಂಕಿ, ನೀರು ತಾಮ್ರವನ್ನೂ ಚಿನ್ನವನ್ನೂ ಮೆತ್ತಗೆ ಮಾಡುತ್ತವೆ. ಕಾಸಿ ಮೆತ್ತಗೆ ಮಾಡುವ ಈ ಕ್ರಿಯೆಗೆ ಕಾರ್ಖಾನೆಯವರು ಅನೀಲಿಂಗ್ ಎನ್ನುತ್ತಾರೆ.

ಬಡಿದರೆ ಗಡುಸು, ಕಾಸಿದರೆ ಮೆದು

ಲೋಹವೆಂದರೆ ಒಳಗೆ ಸಣ್ಣ ಸಣ್ಣ ಹರಳುಗಳ ಕೂಟ. ತಣ್ಣಗಿರುವಾಗ ಬಡಿದರೆ, ಬಗ್ಗಿಸಿದರೆ, ಅಚ್ಚಿನಲ್ಲಿ ಎಳೆದರೆ ಈ ಹರಳುಗಳು ಒಂದರೊಳಗೊಂದು ಸಿಕ್ಕಿಕೊಂಡು ಅಲುಗದಂತಾಗುತ್ತವೆ. ಅದೇ ಗಡುಸುತನ. ಒಂದು ತಾಮ್ರದ ತಂತಿಯನ್ನು ಹತ್ತಾರು ಸಲ ಹಿಂದೆ ಮುಂದೆ ಬಗ್ಗಿಸಿ ನೋಡಿ. ಮೊದಲು ಸುಲಭವಾಗಿ ಬಗ್ಗುತ್ತದೆ, ಆಮೇಲೆ ಬಿರುಸಾಗುತ್ತದೆ, ಕೊನೆಗೆ ಮುರಿಯುತ್ತದೆ. ಮುರಿಯುವ ಮೊದಲು ಅದನ್ನು ಕಾಸಿದ್ದರೆ ಹಳೆಯ ಹರಳುಗಳ ಜಾಗದಲ್ಲಿ ಹೊಸ ಹರಳುಗಳು ಹುಟ್ಟಿ ತಂತಿ ಮತ್ತೆ ಮೊದಲಿನಂತಾಗುತ್ತಿತ್ತು.

ಇಲ್ಲಿ ಒಂದು ವಿಷಯವನ್ನು ಮುಖ್ಯವಾಗಿ ಗಮನಿಸಬೇಕು. ಕಮ್ಮಾರನು ಕತ್ತಿಯನ್ನು ಕೆಂಪಗೆ ಕಾಸಿ ನೀರಿಗೆ ಅದ್ದಿದರೆ ಕತ್ತಿ ಗಡುಸಾಗುತ್ತದೆ. ಅದು ಉಕ್ಕಿನ ಗುಣ. ತಾಮ್ರ, ಹಿತ್ತಾಳೆಗಳನ್ನು ಕಾಸಿ ನೀರಿಗೆ ಅದ್ದಿದರೂ ಅವು ಮೆತ್ತಗಾಗುತ್ತವೆಯೇ ಹೊರತು ಗಡುಸಾಗುವುದಿಲ್ಲ. ಅವನ್ನು ಗಡುಸು ಮಾಡಲು ಇರುವುದು ಬಡಿತ, ಎಳೆತ ಮಾತ್ರ. ಕತ್ತಿಗೆ ಹದ ಹಾಕಿದಂತೆ ಹಿತ್ತಾಳೆಗೂ ಹಾಕಬಹುದೆಂದು ತಿಳಿದರೆ ತೊಂದರೆ ಅಲ್ಲಿಂದಲೇ ಶುರು.

ತೋಟೆ ತಯಾರಾಗುವ ಬಗೆ

ತಾಮ್ರಕ್ಕೆ ಸತುವು ಬೆರೆತರೆ ಹಿತ್ತಾಳೆ. ತೋಟೆಗೆ ಬಳಸುವ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವು. ರೈಫಲ್ ತೋಟೆಯನ್ನು ಮಾಡುವಾಗ ಮೊದಲು ಹಿತ್ತಾಳೆಯ ಒಂದು ಬಿಲ್ಲೆಯನ್ನು ಒತ್ತಿ ಬಟ್ಟಲು ಮಾಡುತ್ತಾರೆ. ಆ ಬಟ್ಟಲನ್ನು ಅಚ್ಚಿನಿಂದ ಅಚ್ಚಿಗೆ ಎಳೆಯುತ್ತ ಉದ್ದನೆಯ ಕೊಳವೆ ಮಾಡುತ್ತಾರೆ. ಒಂದೊಂದು ಎಳೆತಕ್ಕೂ ಲೋಹ ಗಡುಸಾಗುವುದರಿಂದ ನಡುನಡುವೆ ಕುಲುಮೆಯಲ್ಲಿ ಕಾಸಿ ಮೆತ್ತಗೆ ಮಾಡುತ್ತಾರೆ. ಅಕ್ಕಸಾಲಿಗ ತಂತಿ ಎಳೆಯುವ ಕ್ರಮವೇ ಇಲ್ಲಿಯೂ.

ಕೊನೆಯ ಹಂತದಲ್ಲಿ ತೋಟೆಯ ಒಂದೊಂದು ಭಾಗಕ್ಕೆ ಒಂದೊಂದು ಹದ ಬೇಕು. ಬುಡ ಗಟ್ಟಿಯಾಗಿರಬೇಕು. ಮದ್ದು ಸಿಡಿದಾಗ ಹಿಂದಕ್ಕೆ ಒತ್ತುವ ಗಾಳಿಯನ್ನು ತಡೆಯುವುದು ಬುಡವೇ. ರೈಫಲಿನಲ್ಲಿ ಈ ಒತ್ತಡ ಚದರ ಅಂಗುಲಕ್ಕೆ ಹತ್ತಾರು ಸಾವಿರ ಪೌಂಡ್. ಜೀಪಿನ ಟೈರಿಗೆ ನಾವು ತುಂಬಿಸುವುದು ಮೂವತ್ತು ಪೌಂಡಿನ ಆಸುಪಾಸು ಎಂಬುದನ್ನು ನೆನೆದರೆ ಇದರ ಬಿರುಸು ಅರ್ಥವಾದೀತು. ಬಾಯಿ ಮಾತ್ರ ಮೆದುವಾಗಿರಬೇಕು. ಗುಂಡನ್ನು ಹಿಡಿದಿಟ್ಟುಕೊಂಡು, ಹಾರಿಸಿದಾಗ ಹಿಗ್ಗಿ ಕೊಳವೆಯ ಗೋಡೆಗೆ ಒತ್ತಿ, ಮತ್ತೆ ಸ್ವಲ್ಪ ಕುಗ್ಗಿ ಹೊರಗೆ ಬರುವುದು ಅದರ ಕೆಲಸ. ಆದ್ದರಿಂದ ಕಾರ್ಖಾನೆಯಲ್ಲಿ ಬಾಯಿಯ ಕಡೆಯನ್ನಷ್ಟೇ ಕ್ಷಣಕಾಲ ಜ್ವಾಲೆಗೆ ಹಿಡಿದು ಮೆದು ಮಾಡುತ್ತಾರೆ. ಸೈನ್ಯದ ತೋಟೆಗಳ ಕತ್ತಿನಲ್ಲಿ ಕಾಣುವ ಕಂದು, ನೀಲಿಯ ಮಬ್ಬು ಬಣ್ಣ ಈ ಶಾಖದ ಗುರುತು, ತುಕ್ಕಲ್ಲ.

ನಮ್ಮ ಮನೆಗಳಲ್ಲಿ ಹೆಚ್ಚಾಗಿರುವ 12 ಬೋರಿನ ತೋಟೆಯ ಮಾತು ಬೇರೆ. ಅದರ ಮೈ ಪ್ಲಾಸ್ಟಿಕ್ಕಿನದು, ಹಿಂದಿನವುಗಳಲ್ಲಿ ಕಾಗದದ್ದು. ಬುಡದಲ್ಲಿ ಮಾತ್ರ ಲೋಹದ ಟೊಪ್ಪಿ. ಈಗಿನ ಅನೇಕ ತೋಟೆಗಳಲ್ಲಿ ಆ ಟೊಪ್ಪಿಯೂ ಹಿತ್ತಾಳೆಯದಲ್ಲ, ಹಿತ್ತಾಳೆಯ ಲೇಪವಿರುವ ಉಕ್ಕು. ಅದಕ್ಕೆ ಬಾಯಿ ಕಾಸುವ ಪ್ರಶ್ನೆಯೇ ಬರುವುದಿಲ್ಲ. ಹಳೆಯ ಕಾಲದ ಪೂರ್ಣ ಹಿತ್ತಾಳೆಯ ತೋಟೆಗಳೂ ರೈಫಲ್ ತೋಟೆಗಳೂ ಮಾತ್ರ ಈ ಲೆಕ್ಕಕ್ಕೆ ಸೇರುತ್ತವೆ.

ಮಳೆಗಾಲದ ಸೀಳು

ಈಗ ಮೂಲ ಪ್ರಶ್ನೆಗೆ ಬರೋಣ. ಇಟ್ಟಲ್ಲಿಯೇ ಸೀಳುವುದೇಕೆ?

ಈ ರೋಗ ಮೊದಲು ದೊಡ್ಡದಾಗಿ ಕಂಡದ್ದು ನಮ್ಮ ದೇಶದಲ್ಲಿಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ಸೈನ್ಯ ಭಾರತದಲ್ಲಿದ್ದಾಗ ಮಳೆಗಾಲ ಬಂತೆಂದರೆ ದಂಡಿನ ಓಡಾಟ ಕಡಿಮೆಯಾಗುತ್ತಿತ್ತು. ತೋಟೆಗಳನ್ನು ಕುದುರೆ ಲಾಯಗಳಲ್ಲಿ ಪೇರಿಸಿಡುತ್ತಿದ್ದರು. ಮಳೆ ಕಳೆದು ತೆಗೆದು ನೋಡಿದರೆ ಬಹಳಷ್ಟು ತೋಟೆಗಳು ಬಿರುಕು ಬಿಟ್ಟಿರುತ್ತಿದ್ದವು. ಋತುವಿಗೆ ತಕ್ಕಂತೆ ಬರುವ ಕಾರಣ ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂದು ಹೆಸರಾಯಿತು. ಮಳೆಗಾಲದ ಸೀಳು ಎಂದು ನಾವು ಕರೆಯಬಹುದು. ಥಂಡಿಯೇ ಕಾರಣವೆಂದು ಅನೇಕರು ತಿಳಿದಿದ್ದರು. 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಮೂವರು ಇಂಗ್ಲಿಷ್ ವಿಜ್ಞಾನಿಗಳು ನಿಜವಾದ ಕಾರಣವನ್ನು ವಿವರಿಸಿದರು.

ಅವರು ಹೇಳಿದ್ದು ಇಷ್ಟು. ಸೀಳಲು ಎರಡು ಸಂಗತಿಗಳು ಕೂಡಬೇಕು. ಒಂದು, ತಣ್ಣಗೆ ಎಳೆದ ಹಿತ್ತಾಳೆಯ ಒಳಗೆ ಉಳಿದಿರುವ ಬಿಗಿತ. ಬಿಲ್ಲಿಗೆ ಹೆದೆ ಏರಿಸಿಟ್ಟಂತೆ ಲೋಹದ ಮೈ ಸದಾ ಎಳೆದುಕೊಂಡೇ ಇರುತ್ತದೆ, ಹೊರಗಿನಿಂದ ಕಣ್ಣಿಗೆ ಕಾಣದು. ಎರಡು, ಅಮೋನಿಯ. ಕುದುರೆಯ ಮೂತ್ರ ಕೊಳೆತಾಗ ಏಳುವ ಮೂಗು ಚುಚ್ಚುವ ಗಾಳಿಯೇ ಅದು. ಮಳೆಗಾಲದ ತೇವ ಲೋಹದ ಮೇಲೆ ಕಾಣದ ನೀರಿನ ಪೊರೆಯಾಗಿ ಕೂರುತ್ತದೆ. ಅದರಲ್ಲಿ ಅಮೋನಿಯ ಕರಗಿ, ಹರಳು ಹರಳಿನ ನಡುವಿನ ಸಂದಿಯನ್ನು ತಿನ್ನುತ್ತದೆ. ಒಳಗಿನ ಬಿಗಿತ ಆ ಸಂದಿಯನ್ನು ಎಳೆದು ಅಗಲಿಸುತ್ತದೆ. ಒಂದು ತಿನ್ನುವುದು, ಇನ್ನೊಂದು ಎಳೆಯುವುದು. ಬಿಗಿತವಿಲ್ಲದ ಹಿತ್ತಾಳೆ ಅಮೋನಿಯದಲ್ಲಿ ಕಪ್ಪಾದೀತು, ಸೀಳದು. ಅಮೋನಿಯ ತಾಗದಿದ್ದರೆ ಬಿಗಿತವಿರುವ ಹಿತ್ತಾಳೆಯೂ ವರ್ಷಗಟ್ಟಲೆ ಬಾಳೀತು. ಎರಡೂ ಸೇರಿದರೆ ಕೆಲವು ವಾರಗಳೇ ಸಾಕು.

ಮದ್ದು ಕೂಡ ಇಲ್ಲಿಂದಲೇ ಹೊರಟಿತು. ತಯಾರಾದ ತೋಟೆಯನ್ನು ಹದವಾಗಿ ಕಾಸಿ ಒಳಗಿನ ಬಿಗಿತವನ್ನು ಇಳಿಸಿದರೆ ಸೀಳು ನಿಲ್ಲುತ್ತದೆ. ಇಡೀ ವಸ್ತುವನ್ನು ಸುಮಾರು 260 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಗಂಟೆ ಇಟ್ಟರೆ ಗಡುಸುತನ ಹೆಚ್ಚು ಕೆಡದೆ ಬಿಗಿತವಷ್ಟೇ ಇಳಿಯುತ್ತದೆ. 400 ಡಿಗ್ರಿ ದಾಟಿಸಿದರೆ ಹಿತ್ತಾಳೆ ಪೂರ್ತಿ ಮೆತ್ತಗಾಗುತ್ತದೆ. ಅನೀಲಿಂಗ್ ಎಂಬ ಒಂದೇ ಮಾತಿನೊಳಗೆ ಈ ಎರಡು ಬೇರೆ ಬೇರೆ ಕೆಲಸಗಳಿವೆ.

ಇನ್ನೊಂದು ಮಾತು. ಈ ರೋಗ ಸತುವು ಹೆಚ್ಚಿರುವ ಹಿತ್ತಾಳೆಯದು. ಸತುವು ನೂರಕ್ಕೆ 15 ಪಾಲಿಗಿಂತ ಕಡಿಮೆ ಇದ್ದರೆ ಅಂಜಿಕೆ ಬಹಳ ಕಡಿಮೆ. ಬರಿಯ ತಾಮ್ರಕ್ಕೆ ಇನ್ನೂ ಕಡಿಮೆ. ಮಸ್ಕಿ, ಪಿಕಳಿಹಾಳದ ಆದಿಜನರು ದನದ ದೊಡ್ಡಿಯ ಪಕ್ಕದಲ್ಲಿಯೇ ತಾಮ್ರವನ್ನು ಇಟ್ಟುಕೊಂಡು ಬಾಳಿದರೂ ಅವರಿಗೆ ಈ ಚಿಂತೆ ಇರಲಿಲ್ಲ. ಎಳೆದ ಹಿತ್ತಾಳೆಯ ಕಾಲದಲ್ಲಿ ಬಂದ ಚಿಂತೆ ಇದು.

ನಮ್ಮ ತೋಟದಲ್ಲಿ ಅಮೋನಿಯ ಎಲ್ಲಿಂದ?

ಕುದುರೆ ಲಾಯ ನಮ್ಮಲ್ಲಿ ಇಲ್ಲದಿರಬಹುದು. ಆದರೆ ದನದ ಕೊಟ್ಟಿಗೆ ಇದೆ, ಗೊಬ್ಬರದ ಗುಂಡಿ ಇದೆ, ಗೊಬ್ಬರದ ಮೂಟೆ ಇದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಆದ ಮೇಲೆ ಎಡದಂಡೆ ಕಾಲುವೆಯ ನೀರು ಹರಿದು ಸಿಂಧನೂರು ಭತ್ತದ ಕಣಜವಾಯಿತು. ನೀರಿನ ಬೆನ್ನಿಗೇ ಯೂರಿಯಾ ಮೂಟೆಗಳೂ ಮನೆಯೊಳಗೆ ಬಂದವು. ನಮ್ಮ ಕಾಫಿ, ಅಡಿಕೆಯ ಮನೆಗಳಲ್ಲಿಯೂ ಅದೇ ಆಯಿತು. ಸಿಂಧನೂರಿನ ಗದ್ದೆಯ ರೈತನೂ ಮಲೆನಾಡಿನ ತೋಟದ ರೈತನೂ ಈ ಒಂದು ವಿಷಯದಲ್ಲಿ ಒಂದೇ. ಪಂಪು, ಕೊಳವೆ, ಪಾನಾ, ಗೊಬ್ಬರದ ಮೂಟೆ ಎಲ್ಲಕ್ಕೂ ಒಂದೇ ಕೋಣೆ. ಆ ಕೋಣೆಯ ಗೋಡೆಯ ಆಚೆಗೆ ಕೊಟ್ಟಿಗೆ.

ಅಮೋನಿಯ ಹುಟ್ಟುವ ಜಾಗಗಳನ್ನು ಕ್ರಮವಾಗಿ ಹೇಳುತ್ತೇವೆ.

1. ಕೊಟ್ಟಿಗೆಯ ಗಂಜಲ. ಗಂಜಲದಲ್ಲಿರುವುದೂ ಯೂರಿಯಾವೇ. ಅದು ಸಗಣಿಯೊಡನೆ ಸೇರಿದಾಗ ಒಡೆದು ಅಮೋನಿಯವಾಗುತ್ತದೆ. ಬೆಳಗಿನ ಹೊತ್ತು ಮುಚ್ಚಿದ ಕೊಟ್ಟಿಗೆಯ ಬಾಗಿಲು ತೆರೆದಾಗ ಕಣ್ಣು ಉರಿಯುವುದು ಇದರಿಂದಲೇ.

2. ತೇವ ಹಿಡಿದ ಯೂರಿಯಾ ಮೂಟೆ. ಒಣಗಿ ಬಿಗಿಯಾಗಿರುವ ಮೂಟೆಯಿಂದ ಹೆಚ್ಚು ಅಪಾಯವಿಲ್ಲ. ಬಾಯಿ ಬಿಚ್ಚಿ, ಮಣ್ಣಿನ ನೆಲದ ಮೇಲೆ ಚೆಲ್ಲಿ, ಮಳೆಗಾಲದಲ್ಲಿ ನೀರೊಡೆದ ಯೂರಿಯಾದಿಂದ ಅಪಾಯ.

3. ಅಮೋನಿಯಂ ಸಲ್ಫೇಟ್ ಮತ್ತು ಸುಣ್ಣ. ಇವೆರಡೂ ತಾಗಿದ ಕೂಡಲೇ ಅಮೋನಿಯ ಏಳುತ್ತದೆ. ಹುಳಿ ಮಣ್ಣಿಗೆ ಹಾಕಲು ತಂದ ಸುಣ್ಣ, ಬೋರ್ಡೋ ದ್ರಾವಣಕ್ಕೆ ತಂದ ಸುಣ್ಣ, ಎರಡನ್ನೂ ಈ ಗೊಬ್ಬರದ ಮೂಟೆಯ ಪಕ್ಕದಲ್ಲಿ ಇಡುವುದು ತಪ್ಪು. ಗೊಬ್ಬರದ ಸಾರವೂ ಗಾಳಿಗೆ ಹೋಗುತ್ತದೆ, ಹಿತ್ತಾಳೆಯೂ ಹಾಳಾಗುತ್ತದೆ.

4. ಕೋಳಿ ಗೊಬ್ಬರ. ಲಾರಿಯಲ್ಲಿ ತರಿಸಿ ರಾಶಿ ಹಾಕಿದ ಹಸಿ ಕೋಳಿ ಗೊಬ್ಬರದಿಂದ ಏಳುವ ಅಮೋನಿಯ ಬಹಳ ಖಾರ.

ಇನ್ನು ಬಿಗಿತ ಎಲ್ಲಿಂದ? ತಗಡಿನಿಂದ ಒತ್ತಿದ ಚೊಂಬು, ಎಳೆದು ಮಾಡಿದ ಕೊಳವೆ, ತೋಟೆ, ಇವುಗಳಲ್ಲಿ ತಯಾರಿಕೆಯ ಬಿಗಿತ ಉಳಿದಿರಬಹುದು. ಎರಕ ಹೊಯ್ದ ದಪ್ಪ ನಲ್ಲಿಗಳಲ್ಲಿ ಅದು ಕಡಿಮೆ. ಜತೆಗೆ ನಾವೇ ಸೇರಿಸುವ ಬಿಗಿತವೂ ಇದೆ. ಬಗ್ಗಿದ ಹಿತ್ತಾಳೆ ಕೊಳವೆಯನ್ನು ಮಂಡಿಗೆ ಒತ್ತಿ ನೆಟ್ಟಗೆ ಮಾಡುವುದು, ಸೋರುವ ನಟ್ಟನ್ನು ದೊಡ್ಡ ಪಾನಾ ಹಾಕಿ ಇನ್ನೊಂದು ಸುತ್ತು ಬಿಗಿಯುವುದು, ಇವೆಲ್ಲ ಸೀಳಿಗೆ ದಾರಿ. ಸೋರಿಕೆಗೆ ಮದ್ದು ಹೊಸ ವಾಷರು, ಹೆಚ್ಚು ಬಿಗಿತವಲ್ಲ.

ಬೋರ್ಡೋ ಪಂಪಿಗೆ ಹಿತ್ತಾಳೆಯನ್ನೇ ಏಕೆ ಬಳಸಿದರು ಎಂದು ಕೆಲವರು ಕೇಳಬಹುದು. ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ಸಿಂಪಡಣೆಯನ್ನು ಬಳಕೆಗೆ ತಂದ ಕಾಲದಿಂದ, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಲೆಕ್ಕ ನಡೆದು ಬಂದ ಹಾಗೆಯೇ, ಪಂಪಿನಲ್ಲಿ ಹಿತ್ತಾಳೆಯೂ ನಡೆದು ಬಂದಿದೆ. ಹಿತ್ತಾಳೆ ಆ ಕೆಲಸಕ್ಕೆ ಒಳ್ಳೆಯದೇ. ಕೆಲಸ ಮುಗಿದ ಮೇಲೆ ತೊಳೆಯದೆ ಕೊಟ್ಟಿಗೆಯ ಮೂಲೆಗೆ ಒರಗಿಸುವುದು ಒಳ್ಳೆಯದಲ್ಲ.

ಮನೆಯಲ್ಲಿ ಮಾಡಬಹುದಾದ ಕಾಸುವಿಕೆ

ಅನೀಲಿಂಗ್ ಎಂಬುದನ್ನು ಯಾವ ಅಪಾಯವೂ ಇಲ್ಲದೆ, ಲಾಭಕ್ಕೇ ಮನೆಯಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ಅದು ತಾಮ್ರದ ವಾಷರು. ಡೀಸೆಲ್ ಪಂಪ್‌ಸೆಟ್ಟಿನ ಎಣ್ಣೆ ಕೊಳವೆಯ ಸಂದುಗಳಲ್ಲಿ ಚಪ್ಪಟೆಯಾದ ತಾಮ್ರದ ವಾಷರುಗಳಿರುತ್ತವೆ. ಒಮ್ಮೆ ಬಿಗಿದು ಬಿಚ್ಚಿದ ವಾಷರು ಗಡುಸಾಗಿ ಮತ್ತೆ ಸರಿಯಾಗಿ ಕೂರುವುದಿಲ್ಲ, ಎಣ್ಣೆ ಜಿನುಗುತ್ತದೆ. ಪೇಟೆಗೆ ಹೋಗಿ ಬರಲು ದಿನ ಹಿಡಿಯುವ ನಮ್ಮ ಊರುಗಳಲ್ಲಿ ಇದನ್ನು ಹೀಗೆ ಸರಿಪಡಿಸಬಹುದು.

ವಾಷರಿನ ಎಣ್ಣೆ, ಮಸಿಯನ್ನು ಚೆನ್ನಾಗಿ ಒರೆಸಿ ತೆಗೆಯಿರಿ. ತಂತಿಗೆ ಪೋಣಿಸಿ ಗ್ಯಾಸ್ ಒಲೆಯ ಜ್ವಾಲೆಗೆ ಹಿಡಿಯಿರಿ. ಬಿಸಿಲಿನಲ್ಲಿ ಬಣ್ಣ ತಿಳಿಯದು. ಮಬ್ಬು ಬೆಳಕಿನಲ್ಲಿ ನಿಂತು ಮಂಕಾದ ಕೆಂಪು ಕಾಣುವವರೆಗೆ ಕಾಸಿ. ಹೊಳೆಯುವ ಕೆಂಪಿಗೆ ಹೋಗಬೇಕಾಗಿಲ್ಲ. ಕೂಡಲೇ ತಣ್ಣೀರಿಗೆ ಬಿಡಿ. ನೀರಿಗೆ ಬಿಡುವುದರಿಂದ ಗಡುಸಾಗದು, ಬದಲಿಗೆ ಮೇಲಿನ ಕಪ್ಪು ಪೊರೆ ಉದುರುತ್ತದೆ. ಸಣ್ಣ ಮರಳುಕಾಗದದಿಂದ ಎರಡೂ ಮೈ ಉಜ್ಜಿ, ಚಪ್ಪಟೆಯಾಗಿದೆಯೇ ನೋಡಿ ಹಾಕಿ. ಅಂಚು ಕಚ್ಚಿಹೋದ, ತೆಳುವಾದ ವಾಷರನ್ನು ಮಾತ್ರ ಎಸೆಯಿರಿ. ಎಂಜಿನ್ನಿನ ಹತ್ತಿರ, ಡೀಸೆಲ್ ಡಬ್ಬಿಯ ಹತ್ತಿರ ಈ ಕೆಲಸ ಮಾಡಬೇಡಿ.

ಹಿತ್ತಾಳೆಯ ಪಾತ್ರೆ ಬಗ್ಗಿದ್ದರೆ ಅದನ್ನು ಕಂಚುಗಾರನಿಗೆ ಕೊಡಿ. ಎಲ್ಲಿ ಕಾಸಬೇಕು, ಎಲ್ಲಿ ತಟ್ಟಬೇಕು ಎಂಬುದು ಅವನ ಕೈಗೆ ಗೊತ್ತು. ಬೋರ್ಡೋ ಪಂಪಿನ ತೊಟ್ಟಿ, ಗಾಳಿ ಒತ್ತಡ ತಡೆಯುವ ಕೋಶ, ಬೆಸುಗೆ ಹಾಕಿದ ಸಂದು, ಇವನ್ನು ಬೆಂಕಿಗೆ ಒಡ್ಡಲೇಬಾರದು. ಬೆಸುಗೆಯ ಸೀಸ, ತವರ 200 ಡಿಗ್ರಿಯ ಆಸುಪಾಸಿನಲ್ಲಿಯೇ ಕರಗುತ್ತದೆ. ಮೆತ್ತಗಾದ ತೊಟ್ಟಿ ಒತ್ತಡಕ್ಕೆ ಉಬ್ಬಿ ಒಡೆಯುತ್ತದೆ. ಹಿತ್ತಾಳೆಯನ್ನು ಮಿತಿ ಮೀರಿ ಕಾಸಿದರೆ ಸತುವು ಬಿಳಿ ಹೊಗೆಯಾಗಿ ಏಳುತ್ತದೆ. ಆ ಹೊಗೆ ಕುಡಿದವರಿಗೆ ಅದೇ ರಾತ್ರಿ ಚಳಿಜ್ವರ ಬರುತ್ತದೆ.

ತೋಟೆಯನ್ನು ಏಕೆ ಕಾಸಬಾರದು

ಕೆಲವು ಹೊರದೇಶಗಳಲ್ಲಿ ಗುರಿಕಾರರು ಹಾರಿಸಿದ ಹಿತ್ತಾಳೆ ತೋಟೆಗೆ ತಾವೇ ಮತ್ತೆ ಮದ್ದು ತುಂಬುವ ರೂಢಿಯಿದೆ. ಪ್ರತಿ ಸಲ ಹಾರಿಸಿ, ಮತ್ತೆ ಅಚ್ಚಿಗೆ ಒತ್ತಿದಾಗ ತೋಟೆಯ ಬಾಯಿ ಗಡುಸಾಗಿ ಕೊನೆಗೆ ಸೀಳುತ್ತದೆ. ಅದಕ್ಕಾಗಿ ಅವರು ಬಾಯಿಯನ್ನು ಕಾಸುತ್ತಾರೆ. ಮಂತ್ರವಿರುವುದು ಕಾಸುವುದರಲ್ಲಲ್ಲ, ಬುಡವನ್ನು ತಂಪಾಗಿ ಇಡುವುದರಲ್ಲಿ. ಬುಡವನ್ನು ನೀರಿನಲ್ಲಿ ಮುಳುಗಿಸಿಟ್ಟೋ, ತಿರುಗುವ ಯಂತ್ರಕ್ಕೆ ಸಿಕ್ಕಿಸಿಯೋ ಬಾಯಿಗೆ ಮಾತ್ರ ಕೆಲವೇ ಸೆಕೆಂಡು ಜ್ವಾಲೆ ತಾಗಿಸುತ್ತಾರೆ.

ಇದನ್ನು ಅರಿಯದೆ ತೋಟೆಯನ್ನು ಒಲೆಯ ಕೆಂಡದಲ್ಲಿ ಹಾಕಿ ತೆಗೆದರೆ ಬುಡವೂ ಮೆತ್ತಗಾಗುತ್ತದೆ. ಅದನ್ನು ಮತ್ತೆ ಗಡುಸು ಮಾಡುವ ದಾರಿ ಇಲ್ಲ, ಏಕೆಂದರೆ ಹಿತ್ತಾಳೆ ಉಕ್ಕಲ್ಲ. ನೋಡಲು ತೋಟೆ ಹೊಸದರಂತೆಯೇ ಇರುತ್ತದೆ. ಹಾರಿಸಿದಾಗ ಬುಡ ಹಿಗ್ಗಿ ಒಡೆದು, ಮುಂದಕ್ಕೆ ಹೋಗಬೇಕಾದ ಬೆಂಕಿಯ ಗಾಳಿ ಹಿಂದಕ್ಕೆ, ಕೋವಿ ಹಿಡಿದವನ ಮುಖಕ್ಕೆ ಬರುತ್ತದೆ. ಅರ್ಧ ತಿಳಿವಳಿಕೆಯಲ್ಲಿ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಕಾನೂನೂ ಇದೆ. 1959ರ ಆಯುಧ ಕಾಯಿದೆಯ 5ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಮದ್ದುಗುಂಡು ತಯಾರಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಇದನ್ನು ಮೀರಿದವರಿಗೆ ಕನಿಷ್ಠ 7 ವರ್ಷದ ಸೆರೆ. ಕೋವಿ ಇಟ್ಟುಕೊಳ್ಳಲು ಇರುವ ಲೈಸೆನ್ಸು ಮದ್ದು ತುಂಬುವ ಲೈಸೆನ್ಸಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಇರುವ ವಿನಾಯಿತಿ 3 ಮತ್ತು 4ನೇ ಕಲಮುಗಳದ್ದು. 5ನೇ ಕಲಮು ಎಲ್ಲರಿಗೂ ಒಂದೇ. ಆದ್ದರಿಂದ ನಮ್ಮ ಸದಸ್ಯರು ಖಾಲಿ ತೋಟೆಯನ್ನು ಮತ್ತೆ ಬಳಸುವ ಯೋಚನೆಯನ್ನೇ ಬಿಡುವುದು ಲೇಸು. ಪುಣೆಯ ಬಳಿ ಖಡ್ಕಿಯಲ್ಲಿ 1869ರಿಂದ ನಡೆದು ಬಂದ ಸರ್ಕಾರಿ ಕಾರ್ಖಾನೆಯಂಥ ಕಡೆಗಳಲ್ಲಿ ಅಳೆದು, ಪರೀಕ್ಷಿಸಿ ಮಾಡುವ ಕೆಲಸವನ್ನು ಅಡುಗೆಮನೆಯಲ್ಲಿ ಮಾಡಲಾಗದು.

ಹೊಸ ತೋಟೆಯ ಜೋಪಾನ

ಹಾಗಾದರೆ ನಮ್ಮ ಕೈಯಲ್ಲಿರುವುದೇನು? ಜಾಗ ಮತ್ತು ಜೋಪಾನ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರುತ್ತೇವೆ. ತೋಟೆಗಳು ಮನೆಯ ಯಾವುದೋ ಮೂಲೆಯಲ್ಲಿ ಮರೆತುಹೋಗುತ್ತವೆ. ಮಳೆಗಾಲ ಮುಗಿಯುತ್ತಲೇ, ಕೊಡಗಿನಲ್ಲಿ ಕೈಲ್ ಮುಹೂರ್ತಕ್ಕೆ ಕೋವಿ ತೊಳೆದು ಪೂಜೆಗೆ ಇಡುವ ಹೊತ್ತಿನಲ್ಲಿ, ತೋಟೆಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯ ಪದ್ಧತಿ.

ಒಣ ಬಟ್ಟೆಯಿಂದ ಒರೆಸಿ ನೋಡಿ. ಸಮನಾಗಿ ಮಂಕಾದ ಹಿತ್ತಾಳೆಯಿಂದ ಭಯವಿಲ್ಲ. ಕಪ್ಪು ಅಥವಾ ಹಸಿರು ನೀಲಿಯ ಕಲೆ, ಬಾಯಿಯ ಕಡೆಯಿಂದ ಕೆಳಕ್ಕೆ ಓಡುವ ಕೂದಲೆಳೆಯಂಥ ಗೆರೆ, ಬುಡದ ಸುತ್ತ ಉಂಗುರದಂಥ ಗೆರೆ ಕಂಡರೆ ಆ ತೋಟೆ ಕೆಲಸಕ್ಕಿಲ್ಲ. ಒಂದು ಸೀಳಿದ್ದರೆ ಅದೇ ಡಬ್ಬಿಯ ಉಳಿದವನ್ನೂ ಅನುಮಾನದಿಂದಲೇ ನೋಡಬೇಕು, ಏಕೆಂದರೆ ಎಲ್ಲವೂ ಒಂದೇ ಗಾಳಿಯಲ್ಲಿ ಇದ್ದವು. ಇಂಥವನ್ನು ಹಾರಿಸಿ ಪರೀಕ್ಷಿಸುವುದು, ಬಿಚ್ಚಿ ಮದ್ದು ತೆಗೆಯುವುದು, ಬೆಂಕಿಗೆ ಎಸೆಯುವುದು, ಕೆರೆಗೆ ಎಸೆಯುವುದು ಯಾವುದೂ ಬೇಡ. ಲೆಕ್ಕದೊಂದಿಗೆ ಲೈಸೆನ್ಸ್ ಇರುವ ಅಂಗಡಿಯವರನ್ನೋ ಪೊಲೀಸ್ ಠಾಣೆಯನ್ನೋ ಕೇಳಿ ಒಪ್ಪಿಸಿ. ಥಂಡಿಯೆಂದು ತೋಟೆಯನ್ನು ಒಲೆಯ ಮೇಲಿನ ಅಟ್ಟದಲ್ಲಾಗಲೀ, ಅಡಿಕೆ ಬೇಯಿಸುವ, ಕಾಫಿ ಒಣಗಿಸುವ ಒಲೆಗಳ ಬಳಿಯಲ್ಲಾಗಲೀ ಇಡಬೇಡಿ.

ಸದಸ್ಯರು ನೆನಪಿನಲ್ಲಿ ಇಡಬೇಕಾದದ್ದು

1. ಹಿತ್ತಾಳೆಯ ಸಾಮಾನು, ಪಂಪು, ತೋಟೆಗಳನ್ನು ಕೊಟ್ಟಿಗೆ, ಗೊಬ್ಬರದ ಗುಂಡಿ, ಯೂರಿಯಾ ಮೂಟೆ, ಕೋಳಿ ಗೊಬ್ಬರಗಳ ಗಾಳಿ ತಾಗದ ಕೋಣೆಯಲ್ಲಿಡಿ. ಮೂಗಿಗೆ ಅಮೋನಿಯ ವಾಸನೆ ಬರುವ ಜಾಗ ಹಿತ್ತಾಳೆಗೆ ಆಗದು ಎಂಬುದೇ ಸುಲಭದ ಅಳತೆ.

2. ಸುಣ್ಣ ಮತ್ತು ಅಮೋನಿಯಂ ಗೊಬ್ಬರಗಳನ್ನು ಒಂದೇ ಕೋಣೆಯಲ್ಲಿ ಇಡಬೇಡಿ.

3. ಬೋರ್ಡೋ ಹೊಡೆದ ದಿನವೇ ಪಂಪಿಗೆ ಎರಡು ಸಲ ಒಳ್ಳೆಯ ನೀರು ಹಾಯಿಸಿ, ನಾಜಲ್ ಬಿಚ್ಚಿ ತೊಳೆದು, ಒಣಗಿಸಿ, ತೆಳುವಾಗಿ ಎಣ್ಣೆ ಸವರಿಡಿ. ಒತ್ತಡ ಇಳಿಸಿ, ನಟ್ಟುಗಳನ್ನು ಸ್ವಲ್ಪ ಸಡಿಲಿಸಿ ಇಡುವುದು ಉತ್ತಮ.

4. ಮೇ ತಿಂಗಳಲ್ಲಿಯೇ ಕೊಳವೆಗಳನ್ನು ಬೆಳಕಿಗೆ ಹಿಡಿದು ನೋಡಿ. ಸೀಳಿದ ಕೊಳವೆಗೆ ಬೆಸುಗೆ ಹಾಕಿ ದಿನ ದೂಡಬೇಡಿ, ಬದಲಾಯಿಸಿ.

5. ಬಿಂದಿಗೆ, ಚೊಂಬುಗಳನ್ನು ಬೆರಳಿನಿಂದ ತಟ್ಟಿ ನೋಡಿ. ಗಂಟೆಯಂತೆ ದನಿ ಬಂದರೆ ಸರಿ, ಒಡಕು ದನಿ ಬಂದರೆ ಎಲ್ಲೋ ಸೀಳಿದೆ.

6. ತಾಮ್ರದ ವಾಷರನ್ನು ಕಾಸಿ. ತೋಟೆಯನ್ನು ಕಾಸಬೇಡಿ.

ಬಡಿದ ಲೋಹ ತನಗೆ ಬಿದ್ದ ಪೆಟ್ಟನ್ನು ಮರೆಯುವುದಿಲ್ಲ, ಒಳಗೇ ಇಟ್ಟುಕೊಂಡಿರುತ್ತದೆ. ಅದನ್ನು ಇಳಿಸಲು ಬೆಂಕಿ ಬೇಕು, ಬೆಂಕಿಯ ಅಳತೆ ಬಲ್ಲವರ ಕೈ ಬೇಕು. ನಮ್ಮ ಪಾಲಿಗೆ ಉಳಿದದ್ದು ಅದನ್ನು ಇಡುವ ಜಾಗವನ್ನು ಆರಿಸುವುದು. ಅದಕ್ಕೆ ಕಾಸಿನ ಖರ್ಚೂ ಇಲ್ಲ. ಈ ಮಳೆಗಾಲಕ್ಕೆ ಮೊದಲು ಪಂಪನ್ನು ಕೊಟ್ಟಿಗೆಯ ಮೂಲೆಯಿಂದ ಎತ್ತಿ ಬೇರೆ ಕಡೆ ಇಟ್ಟರೆ ಈ ಲೇಖನ ಬರೆದದ್ದು ಸಾರ್ಥಕ.